ವಿಜಯಪುರದಲ್ಲಿರುವ ನನ್ನ ತಾಯಿಗೆ ದವಡೆ ಕೀಲಿನ ಆಪರೇಷನ್ ಆದಮೇಲೆ ಹೊರಗಿನ ಗಾಯ ಒಣಗಿದರೂ ಬಾಯಿ ಪೂರ್ತಿ ತೆರೆಯುವುದಿಲ್ಲ ಯಾಕೆ?

ಹೊರಗಿನ ಹೊಲಿಗೆ ಮಾಯ್ದರೂ ಕೀಲಿನ ಸುತ್ತಲಿನ ಗಾಯ ಇನ್ನೂ ಮಾಯುತ್ತಿರುತ್ತದೆ. ನಿಮ್ಮ ತಾಯಿಯ ಬಾಯಿಯನ್ನು ಹಿಡಿದಿಟ್ಟಿರುವುದು ಬಹುಶಃ ಆ ಒಳಗಿನ ಬಿಗಿತವೇ.

ಗಾಯ ತುಂಬಲು ದೇಹ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಕಟ್ಟುತ್ತದೆ. ಮೊದಲ ತಿಂಗಳುಗಳಲ್ಲಿ ಅದು ಜಾಸ್ತಿ ಬೆಳೆದು ಕುಗ್ಗುತ್ತದೆ. ನೋವಿಗೆ ಹೆದರಿ ದವಡೆ ಆಡಿಸದೇ ಇದ್ದರೆ ಒಳಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದಕ್ಕೇ ಸರ್ಜನ್ ಹೇಳಿದ ದಿನದಿಂದ ಬಾಯಿ ತೆರೆಯುವ ವ್ಯಾಯಾಮ ತಪ್ಪಿಸಬಾರದು. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ದೊಡ್ಡವರ ಬಾಯಿ ಸಾಮಾನ್ಯವಾಗಿ 35ರಿಂದ 50 ಮಿ.ಮೀ. ತೆರೆಯುತ್ತದೆ, ಅಂದರೆ ಅವರದೇ ಮೂರು ಬೆರಳು ಒಂದರ ಮೇಲೊಂದು ಇಟ್ಟಷ್ಟು. ಅಳತೆ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದ್ದರೆ ಕಾಯದೆ ತೋರಿಸಿ. ಖಡಕ್ ರೊಟ್ಟಿ ಸದ್ಯ ಬೇಡ, ಜೋಳದ ನುಚ್ಚು ಮಜ್ಜಿಗೆ ಕೊಡಿ.

ಕಿವಿ ಮುಂದಿನ ಹೊಲಿಗೆಯ ಕೆಂಪು ಗೆರೆ ವರ್ಷದೊಳಗೆ ಬಹುಮಟ್ಟಿಗೆ ತಿಳಿಯಾಗುತ್ತದೆ. ವಿಜಯಪುರದ ಬಿಸಿಲಿಗೆ ಕಪ್ಪಾಗದಂತೆ ಸೆರಗು ಮುಚ್ಚಿಕೊಳ್ಳಲಿ. ಕಲೆ ಗಾಯದ ಅಂಚು ದಾಟಿ ಉಬ್ಬಿದರೆ ಅದು ಕೀಲಾಯ್ಡ್. ಬರೀ ಕತ್ತರಿಸಿದರೆ ಮತ್ತೆ ಬೆಳೆಯುವುದೇ ಹೆಚ್ಚು, ಹಾಗಾಗಿ ಚರ್ಮದ ಡಾಕ್ಟರು ಮೊದಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಕೀವು, ಜ್ವರ, ಹೆಚ್ಚುತ್ತಿರುವ ಊತ ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.