ಮೂರು ಮೆಟ್ಟಿಲು, 15 ಕಿಲೋ ಚೀಲ

ಪ್ರಶ್ನೆ: ನಮ್ಮ ಯುವಕ ಸಂಘ ಹಳೆಯ ಭಜನಾ ಮಂದಿರದಲ್ಲಿ ದಿನಸಿ ಬ್ಯಾಂಕ್ ನಡೆಸುತ್ತಿದೆ. ಬಡ ಮನೆಗಳಿಗೆ ತಿಂಗಳಿಗೊಮ್ಮೆ 15 ಕಿಲೋ ತೂಕದ ಕಿಟ್ ಕೊಡುತ್ತೇವೆ. ಬಾಗಿಲಿಗೆ ಮೂರು ಮೆಟ್ಟಿಲು, ಒಟ್ಟು 45 ಸೆಂ.ಮೀ. ಎತ್ತರ. ವ್ಹೀಲ್‌ಚೇರ್‌ನಲ್ಲಿ ಬರುವವರಿಗಾಗಿ ಎರಡು ಮೀಟರ್ ಉದ್ದದ ತಗಡು ಹಾಸಿದರೆ ಸಾಕೇ?
– ಓದುಗರು, ತುಮಕೂರು ಜಿಲ್ಲೆ

ಉತ್ತರ: ಖಂಡಿತ ಸಾಲದು, ಅಪಾಯವೂ ಹೌದು. ಅಷ್ಟು ಕಡಿದಾದ ಇಳಿಜಾರಿನಲ್ಲಿ ಹತ್ತುವಾಗ ಗಾಲಿಕುರ್ಚಿ ಹಿಂದಕ್ಕೆ ಮಗುಚಬಹುದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಲೆಕ್ಕ. ನಿಮ್ಮ 45 ಸೆಂ.ಮೀ.ಗೆ 5.4 ಮೀಟರ್ ಬೇಕು. ಅಗಲ 120 ಸೆಂ.ಮೀ. ಇರಲಿ. ಬಾಗಿಲ ಮುಂದೆ ಕುರ್ಚಿ ತಿರುಗಿಸಲು 150 ಸೆಂ.ಮೀ. ಚೌಕದ ಸಮತಟ್ಟು ಜಾಗ ಬಿಡಿ. ಇದನ್ನೇ ಬಹಳ ಜನ ಮರೆಯುವುದು. ಎರಡೂ ಬದಿಗೆ ಹಿಡಿಕಂಬಿ, ಚಕ್ರ ಜಾರದಂತೆ ಅಂಚಿಗೆ ಸಣ್ಣ ಕಟ್ಟೆ ಇರಲಿ. ಟೈಲ್ಸ್ ಬೇಡವೇ ಬೇಡ, ಮಳೆಗಾಲದಲ್ಲಿ ಜಾರುತ್ತದೆ. ಸಿಮೆಂಟ್ ಹಸಿಯಿದ್ದಾಗಲೇ ಅಡ್ಡಡ್ಡ ಪೊರಕೆ ಎಳೆದು ತರಿ ಮಾಡಿಸಿ.

ಅಷ್ಟು ಜಾಗವಿಲ್ಲದಿದ್ದರೆ ವಿತರಣೆಯ ದಿನ ಎಲ್ಲರಿಗೂ ನೆಲಮಟ್ಟದಲ್ಲೇ, ಶಾಮಿಯಾನ ಹಾಕಿ ಕೊಡಿ. ವಿಕಲಚೇತನರಿಗೆ ಮಾತ್ರ ಹೊರಗೆ, ಉಳಿದವರಿಗೆ ಒಳಗೆ ಎಂಬುದು ಸರಿಯಲ್ಲ. ಕುರ್ಚಿ ಸಮೇತ ಎತ್ತಿ ಒಳಗೆ ತರುವುದೂ ಬೇಡ: ಕೈಯಾನಿಕೆ, ಕಾಲಾನಿಕೆ ಕಳಚಿ ಬಂದು ಜನ ಬೀಳುತ್ತಾರೆ. ಮೇಜಿನ ಎತ್ತರ 75ರಿಂದ 80 ಸೆಂ.ಮೀ. ಇರಲಿ, ಅಡಿಯಲ್ಲಿ ಮೊಣಕಾಲಿಗೆ ಜಾಗ ಬಿಡಿ.

ಇಷ್ಟಾದರೂ ಆ 15 ಕಿಲೋ ಚೀಲ ಹಾಗೇ ಇದ್ದರೆ ಕೆಲಸ ಅರ್ಧವೇ ಆಯಿತು. ಊರುಗೋಲು ಹಿಡಿದವರಿಗೆ ಚೀಲ ಹಿಡಿಯಲು ಕೈ ಎಲ್ಲಿದೆ? ಐದೈದು ಕಿಲೋದ ಮೂರು ಚೀಲ ಮಾಡಿ. ಒಂದನ್ನು ಬೆನ್ನಿಗೇರಿಸಿಕೊಳ್ಳುವ ಬಟ್ಟೆ ಚೀಲದಲ್ಲಿ ಕೊಡಿ, ಉಳಿದದ್ದನ್ನು ಸ್ವಯಂಸೇವಕರು ಮನೆಗೆ ಮುಟ್ಟಿಸಲಿ. ವ್ಹೀಲ್‌ಚೇರ್‌ನ ಹಿಂದೆ ಭಾರದ ಚೀಲ ನೇತುಹಾಕಬೇಡಿ, ಇಳಿಜಾರಿನಲ್ಲಿ ಅದೂ ಕುರ್ಚಿಯನ್ನು ಹಿಂದಕ್ಕೆ ಎಳೆಯುತ್ತದೆ.

ಕಿಟ್‌ನಲ್ಲಿರುವ ಸಾಮಾನನ್ನೂ ಒಮ್ಮೆ ನೋಡಿ. ಇಡೀ ರಾಗಿ ಕೊಟ್ಟರೆ ಗಿರಣಿಗೆ ಹೊತ್ತೊಯ್ಯುವವರು ಯಾರು? ಬೇಕೆಂದವರಿಗೆ ಅದೇ ವಾರ ಬೀಸಿಸಿದ ಹಿಟ್ಟು ಕೊಡಿ. ಬೇಗ ಮುಗ್ಗುವುದರಿಂದ ಎರಡು ಕಿಲೋ ಸಾಕು. ಒಂದೇ ಕೈ ಬಳಸುವವರಿಗೆ ಎಣ್ಣೆಯ ಪೌಚ್ ಕತ್ತರಿಸುವುದು ಕಷ್ಟ, ಚೆಲ್ಲಿಯೂ ಹೋಗುತ್ತದೆ. ಹಿಡಿಕೆಯಿರುವ ಕ್ಯಾನ್ ಮೇಲು.

ಪ್ರಶ್ನೆ: ಕಣ್ಣು ಕಾಣದವರಿಗೆ ಪೊಟ್ಟಣಗಳ ಮೇಲೆ ಬ್ರೈಲ್ ಚೀಟಿ ಅಂಟಿಸಬೇಕೇ? ಕಿವಿ ಕೇಳದವರನ್ನು ಸರದಿ ಬಂದಾಗ ಕರೆಯುವುದು ಹೇಗೆ?
– ಓದುಗರು, ಹಾಸನ

ಉತ್ತರ: ಬ್ರೈಲ್ ಎಲ್ಲರಿಗೂ ಬರುವುದಿಲ್ಲ, ಅದರಲ್ಲೂ ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರಿಗೆ. ಒಂದು ಕಿಲೋ ಸಕ್ಕರೆ, ಒಂದು ಕಿಲೋ ಪುಡಿ ಉಪ್ಪಿನ ಪೊಟ್ಟಣಗಳು ಕೈಗೆ ಒಂದೇ ಥರ ಸಿಗುತ್ತವೆ. ಸಕ್ಕರೆಗೆ ಒಂದು ಗಂಟಿನ ದಾರ, ಉಪ್ಪಿಗೆ ಎರಡು ಗಂಟಿನ ದಾರ ಕಟ್ಟಿ, ಕೈಗೆ ಕೊಟ್ಟು ಮುಟ್ಟಿಸಿ ಹೇಳಿ. ದಾರದ ಬದಲು ರಬ್ಬರ್ ಬ್ಯಾಂಡ್ ಬೇಡ, ಬಿಸಿಲಿಗೆ ಒಣಗಿ ತುಂಡಾಗುತ್ತದೆ. ಗಂಟಿನ ಲೆಕ್ಕವನ್ನು ಯಾವ ತಿಂಗಳೂ ಬದಲಿಸಬೇಡಿ. ಬಳಸಬೇಕಾದ ಕೊನೆಯ ದಿನಾಂಕವನ್ನೂ ಓದಿ ಹೇಳಿ.

ಕಿವುಡರಿಗೆ ಕೂಗುವ ಬದಲು ಟೋಕನ್ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಎತ್ತಿ ತೋರಿಸಿ. ವಿತರಣೆಯ ದಿನ ಬದಲಾದರೆ ಫೋನ್ ಮಾಡದೆ ಮೆಸೇಜ್ ಕಳುಹಿಸಿ. ಓದು ಬಾರದವರಿದ್ದರೆ ಮನೆಗೇ ಹೋಗಿ ತಿಳಿಸಿ.

ಪ್ರಶ್ನೆ: ಅಂಗವೈಕಲ್ಯದ ಪ್ರಮಾಣಪತ್ರ ಕೇಳಬೇಕೇ?
– ಓದುಗರು, ಕೊಪ್ಪಳ

ಉತ್ತರ: ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಅವುಗಳಲ್ಲಿ ಹಲವು ಹೊರಗೆ ಕಾಣುವುದೇ ಇಲ್ಲ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಕೈಸೇರದವರೂ ಇರುತ್ತಾರೆ. ಹೆಸರು ಬರೆದುಕೊಳ್ಳುವಾಗ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ: “ಸಾಮಾನು ಒಯ್ಯಲು, ಬಳಸಲು ಏನಾದರೂ ಅನುಕೂಲ ಮಾಡಿಕೊಡಬೇಕೇ?” ಮನೆಯಿಂದ ಹೊರಬರಲಾಗದವರನ್ನು ಪತ್ತೆಹಚ್ಚಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅಂಥವರ ಮನೆ ಅವರಿಗೆ ಗೊತ್ತಿರುತ್ತದೆ.