ಈಯ ಊರಿನದ್ದು ಸಾಕು, ಗಾಳಕ್ಕೆ ಕಾಸು ಬಿಚ್ಚಿ

ಪ್ರಶ್ನೆ: ಕುಂಬಳೆಯವನು. ರಜೆಯ ದಿನ ಶಿರಿಯ ಅಳಿವೆಯಲ್ಲಿ, ಕೆಲವೊಮ್ಮೆ ಮೊಗ್ರಾಲ್ ಹೊಳೆಯ ಬಾಯಲ್ಲಿ ಗಾಳ ಹಾಕುತ್ತೇನೆ. ಇದುವರೆಗೆ ಕೈಹುರಿಯೇ ಸಾಕಾಗಿತ್ತು. ಈಗ ರಾಡು, ರೀಲು ಕೊಳ್ಳೋಣ ಅಂತ. ಕೈಯಲ್ಲಿ 4000 ರೂಪಾಯಿ ಇದೆ. ಆದಷ್ಟೂ ನಮ್ಮ ದೇಶದಲ್ಲೇ ಮಾಡಿದ್ದು ಬೇಕು. ಗೆಳೆಯರು ‘ಇಂಡಿಯನ್ ಮಾಲು ಎರಡು ಮಳೆಗಾಲ ತಾಳುವುದಿಲ್ಲ’ ಅನ್ನುತ್ತಾರೆ. ನಿಜವೇ?

ಉತ್ತರ: ಸಾಮಾನು ಯಾವುದು ಎಂಬುದರ ಮೇಲೆ ನಿಂತಿದೆ. ಇಡೀ ಸೆಟ್ಟನ್ನು ಒಂದೇ ದೇಶದ ಹೆಸರಲ್ಲಿ ಕೊಳ್ಳಲು ಹೊರಟರೆ ಎಲ್ಲೋ ಒಂದು ಕಡೆ ಪೆಟ್ಟು ಬೀಳುತ್ತದೆ. ಬಿಡಿ ಬಿಡಿಯಾಗಿ ನೋಡಿ.

ಹಗ್ಗ, ಬಲೆ, ಕೈಬಲೆ, ಈಯದ (ಸೀಸದ) ಗುಂಡು, ಬೆಂಡು: ಇವಕ್ಕೆ ಹೊರದೇಶದತ್ತ ನೋಡಬೇಕಾಗಿಯೇ ಇಲ್ಲ. ಬಲೆ ಮತ್ತು ಹಗ್ಗದಲ್ಲಿ ಭಾರತದ ಕಾರ್ಖಾನೆಗಳು ಹೊರದೇಶಕ್ಕೇ ಮಾರುತ್ತವೆ, ಪುಣೆಯ ಗರ್ವಾರೆಯ ಹೆಸರು ಮೀನುಗಾರರಿಗೆಲ್ಲ ಗೊತ್ತು. ಗಾಜಿನ ನಾರಿನ ರಾಡು, ಅಂದರೆ ಫೈಬರ್‌ಗ್ಲಾಸ್, ಇಲ್ಲಿ ಮಾಡಿದ್ದು ಸಿಕ್ಕರೆ ಧೈರ್ಯವಾಗಿ ತೆಗೆದುಕೊಳ್ಳಿ. ತುಸು ಭಾರ, ನಿಜ. ಆದರೆ ಕಲ್ಲಿಗೆ ಬಡಿದರೂ, ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೋದರೂ ಕಾರ್ಬನ್ ರಾಡಿನ ಹಾಗೆ ಸೀಳು ಬಿಡುವುದಿಲ್ಲ. ಹೊಸಬರಿಗೆ ಅದೇ ಒಳ್ಳೆಯದು.

ತೊಡಕು ರೀಲಿನಲ್ಲಿ. ಸ್ಪಿನ್ನಿಂಗ್ ರೀಲನ್ನು ಒಳಗಿನ ಹಲ್ಲುಚಕ್ರದಿಂದ ಹಿಡಿದು ಬೇರಿಂಗಿನವರೆಗೆ ಇಲ್ಲೇ ಮಾಡುವುದು ವಿರಳ. ಭಾರತದ ಹೆಸರಿಟ್ಟ ಬ್ರಾಂಡುಗಳಲ್ಲೂ ಬಹಳಷ್ಟು ಚೀನಾದಲ್ಲಿ ಮಾಡಿಸಿ ತರಿಸಿದವು. ಹಾಗೆ ನೋಡಿದರೆ ಜಪಾನಿನ ಶಿಮಾನೊ ರೀಲಿನ ಪೆಟ್ಟಿಗೆ ತಿರುಗಿಸಿದರೂ ಮಲೇಷ್ಯಾ ಎಂದು ಕಾಣುವುದುಂಟು. ಹೆಸರು ಒಂದು ದೇಶದ್ದು, ಕಾರ್ಖಾನೆ ಇನ್ನೊಂದರದ್ದು. ಬಂಗಾಳದ ಕೆರೆಗಳಲ್ಲಿ ಗೆಂಡೆಮೀನಿಗೆ ಕೂರುವವರು ಬಳಸುವ ಗಾಲಿಯಂಥ ‘ಹುಯಿಲ್’ ದೇಶದ್ದೇ, ಕೆಲಸವೂ ಚೆಂದ. ಆದರೆ ಅಳಿವೆಯಲ್ಲಿ 40 ಗ್ರಾಂ ಈಯ ಕಟ್ಟಿ ದೂರ ಬೀಸುವುದಕ್ಕೆ ಹೇಳಿ ಮಾಡಿಸಿದ್ದಲ್ಲ.

ಪೊಟ್ಟಣ ಓದುವುದನ್ನು ಅಭ್ಯಾಸ ಮಾಡಿಕೊಳ್ಳಿ. 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ಆಮದು ಮಾಲಿನ ಮೇಲೆ ಮೂಲ ದೇಶ, ತರಿಸಿದವರ ಹೆಸರು, ವಿಳಾಸ, ಗರಿಷ್ಠ ಬೆಲೆ ಇರಲೇಬೇಕು. ಆನ್‌ಲೈನಿನಲ್ಲಿ ಮಾರುವಾಗಲೂ ಮೂಲ ದೇಶ ತೋರಿಸಬೇಕು. ‘ಇಂಪೋರ್ಟೆಡ್ ಬೈ’ ಅಂತ ಇದ್ದರೆ, ಪಕ್ಕದಲ್ಲಿ ತ್ರಿವರ್ಣದ ಪಟ್ಟಿ ಎಷ್ಟೇ ದೊಡ್ಡದಿರಲಿ, ಮಾಲು ಹಡಗು ಹತ್ತಿ ಬಂದದ್ದೇ. ‘ಮಾರ್ಕೆಟೆಡ್ ಬೈ’ ಮಾತ್ರ ಇದ್ದು ತಯಾರಕರ ವಿಳಾಸವೇ ಇಲ್ಲದಿದ್ದರೆ ಕೆಳಗಿಟ್ಟುಬಿಡಿ.

ನಿಮ್ಮ 4000ವನ್ನು ಹೀಗೆ ಹಂಚಬಹುದು: ರೀಲಿಗೆ 1700, ರಾಡಿಗೆ 1100, ನೈಲಾನ್ ನೂಲಿಗೆ 450, ಗಾಳ, ಸ್ವಿವೆಲ್ (ನೂಲು ಹುರಿಗೊಳ್ಳದಂತೆ ತಿರುಗುವ ಕೊಂಡಿ) ಮತ್ತು ದಪ್ಪ ಲೀಡರಿಗೆ (ಗಾಳದ ಹತ್ತಿರ ಕಟ್ಟುವ ತುಂಡು ನೂಲು) 450, ಉಳಿದ 300 ಈಯಕ್ಕೂ ಬೆಂಡಿಗೂ. ರೀಲು 4000 ಸೈಜಿನದ್ದು (ಇದು ಬೆಲೆಯಲ್ಲ, ರೀಲಿನ ಮೇಲೆ ಬರೆದಿರುವ ಅಳತೆ). ರಾಡು 8ರಿಂದ 9 ಅಡಿ, ಎರಡು ತುಂಡಿನದ್ದು. ಒಂದರೊಳಗೊಂದು ಸೇರುವ ಟೆಲಿಸ್ಕೋಪಿಕ್ ರಾಡು ಬಸ್ಸಿನಲ್ಲಿ ಒಯ್ಯಲು ಸುಲಭ. ಆದರೆ ಅಳಿವೆಯ ಹೊಯ್ಗೆ ಕೀಲಿನೊಳಗೆ ಹೊಕ್ಕಿತೋ, ಬಿಚ್ಚಲೂ ಆಗದು ಮುಚ್ಚಲೂ ಆಗದು.

ಅಂಗಡಿಯಲ್ಲೇ ರೀಲನ್ನು ಹೀಗೆ ನೋಡಿ. ಡ್ರ್ಯಾಗ್, ಅಂದರೆ ನೂಲು ಸುತ್ತಿರುವ ಸ್ಪೂಲಿನ ಬಿಗಿ, ಪೂರ್ತಿ ಬಿಗಿಯಾಗುವಂತೆ ತಿರುಗಿಸಿ ಹಿಡಿ ನಿಧಾನ ಸುತ್ತಿ. ಗರಗರ ಸದ್ದೋ, ಎಲ್ಲೋ ಒಂದು ಕಡೆ ಸಿಕ್ಕಿದ ಹಾಗೋ ಆದರೆ ಬೇಡ. ರೋಟರನ್ನು, ಅಂದರೆ ಸ್ಪೂಲಿನ ಸುತ್ತ ತಿರುಗುವ ಭಾಗವನ್ನು, ಹಿಂದಕ್ಕೆ ತಳ್ಳಿ: ಒಂದಿಷ್ಟು ಜರುಗಿ ನಿಂತರೆ ಸರಿ, ಕಾಲು ಸುತ್ತು ಹೋದರೆ ತಡೆ ಸಡಿಲ. ಆಮೇಲೆ ಡ್ರ್ಯಾಗ್ ಅರ್ಧ ಸಡಿಲಿಸಿ ಸ್ಪೂಲನ್ನು ಕೈಯಿಂದ ಎಳೆಯಿರಿ. ಮೊದಲು ಗಟ್ಟಿ ಹಿಡಿದು ಆಮೇಲೆ ಫಕ್ಕನೆ ಬಿಟ್ಟರೆ ಅದೇ ಜಾಗದಲ್ಲಿ ನೂಲು ಹರಿಯುತ್ತದೆ. ಕೊನೆಗೆ ನೂಲು ಹಾದುಹೋಗುವ ಪುಟ್ಟ ಉರುಳೆ ಬೆರಳಿಗೆ ತಿರುಗುತ್ತದೆಯೇ ನೋಡಿ. ಅದು ಕಚ್ಚಿಕೊಂಡರೆ ನೈಲಾನ್ ಉಜ್ಜಿ ಉಜ್ಜಿ ಬಿಳಿಚಿಕೊಳ್ಳುತ್ತದೆ, ಸುರುಳಿ ಸುತ್ತಿಕೊಳ್ಳುತ್ತದೆ. ‘ನೂಲು ಸರಿಯಿಲ್ಲ’ ಎಂಬ ದೂರುಗಳಲ್ಲಿ ಎಷ್ಟೋ ಈ ಉರುಳೆಯದ್ದೇ.

ಅಂಗಡಿಯವರಲ್ಲಿ ಒಂದು ಪ್ರಶ್ನೆ ಕೇಳಿ: ಇದರ ಬೇಲ್ ಸ್ಪ್ರಿಂಗ್ (ನೂಲು ಹಿಡಿಯುವ ತಂತಿಬಳೆಯ ಸ್ಪ್ರಿಂಗ್) ಬಿಡಿಯಾಗಿ ಸಿಗುತ್ತದೆಯೇ? ಸಿಗುತ್ತದೆಂದರೆ ಎಲ್ಲಿ ಮಾಡಿದ ರೀಲಾದರೂ ತೆಗೆದುಕೊಳ್ಳಿ. ಹತ್ತು ರೂಪಾಯಿಯ ಸ್ಪ್ರಿಂಗ್ ಸಿಗದೆ ಮೂಲೆ ಸೇರಿದ ರೀಲುಗಳು ಈ ಕರಾವಳಿಯಲ್ಲಿ ಕಡಿಮೆಯಿಲ್ಲ.

ಎರಡು ಮಳೆಗಾಲ ತಾಳುವ ಮಾತಿಗೆ ಬಂದರೆ, ಉಪ್ಪುನೀರಿಗೆ ದೇಶ ಗೊತ್ತಿಲ್ಲ. ಮನೆಗೆ ಬಂದ ಕೂಡಲೇ ಡ್ರ್ಯಾಗ್ ಬಿಗಿ ಮಾಡಿ, ಒಂದು ತಂಬಿಗೆ ಸಿಹಿನೀರನ್ನು ಮೇಲಿಂದ ಮೆಲ್ಲ ಹೊಯ್ದು, ಕೊಡವಿ, ನೆರಳಲ್ಲಿ ಒಣಗಿಸಿ, ಆಮೇಲೆ ಡ್ರ್ಯಾಗ್ ಸಡಿಲಿಸಿಡಿ. ಪೈಪಿನಿಂದ ಜೋರಾಗಿ ನೀರು ಬಿಟ್ಟರೆ ಉಪ್ಪು ಒಳಗೇ ಹೊಕ್ಕುತ್ತದೆ. ಉರುಳೆಗೂ ಹಿಡಿಯ ಬುಡಕ್ಕೂ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ತೆಂಗಿನೆಣ್ಣೆ ಬೇಡ: ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ಅದೇ, ಆದರೆ ಕೆಲವು ವಾರಕ್ಕೆ ಅಂಟಾಗಿ ಹೊಯ್ಗೆಯನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ಪ್ರಶ್ನೆ: ಕಾಸರಗೋಡು ಪೇಟೆಯಿಂದ. ಚಂದ್ರಗಿರಿ ಸೇತುವೆಯ ಬುಡದಲ್ಲಿ ನಾಲ್ಕೈದು ಕೆ.ಜಿ. ಇರಬಹುದಾದ ಕಾಳಾಂಜಿ ನೂಲು ಹರಿದುಕೊಂಡು ಹೋಯಿತು. ನೂಲಿನ ಪೊಟ್ಟಣದ ಮೇಲೆ 0.40 ಮಿ.ಮೀ., 20 ಕೆ.ಜಿ., ಭಾರತದಲ್ಲಿ ತಯಾರಿಸಿದ್ದು ಎಂದಿದೆ. ಇನ್ನು ದೇಶದ ತಂಗೂಸು ಮುಟ್ಟಬಾರದೇ?

ಉತ್ತರ: ಅಲ್ಲಿ ಬರೆದ ಎರಡು ಅಂಕೆಗಳು ಒಂದಕ್ಕೊಂದು ಹೊಂದುವುದಿಲ್ಲ. ಸಾದಾ ನೈಲಾನ್ ತಂಗೂಸು 0.30 ಮಿ.ಮೀ. ಇದ್ದರೆ ಸುಮಾರು 6 ಕೆ.ಜಿ., 0.40 ಇದ್ದರೆ 10-11 ಕೆ.ಜಿ., 0.50 ಇದ್ದರೆ 16-17 ಕೆ.ಜಿ. ತಡೆದೀತು. ದಪ್ಪ ಇಮ್ಮಡಿಯಾದರೆ ಬಲ ನಾಲ್ಮಡಿ. 20 ಕೆ.ಜಿ. ಬೇಕೆಂದರೆ 0.55ರ ಆಸುಪಾಸಿನ ನೂಲೇ ಬೇಕು. ಹೀಗೆ ಉಬ್ಬಿಸಿ ಬರೆಯುವ ಚಾಳಿ ಅಗ್ಗದ ಆಮದು ಮಾಲಿನಲ್ಲೂ ಇದೆ, ಆದ್ದರಿಂದ ದೇಶವನ್ನು ಬೈದು ಫಲವಿಲ್ಲ. ಅಳೆದು ನೋಡಿ.

ದಪ್ಪ ಅಳೆಯಲು ಮೈಕ್ರೋಮೀಟರ್ ಬೇಡ. ಪೆನ್ಸಿಲಿನ ಮೇಲೆ ನೂಲನ್ನು ಒತ್ತೊತ್ತಾಗಿ, ಒಂದರ ಮೇಲೊಂದು ಏರದಂತೆ 20 ಸುತ್ತು ಸುತ್ತಿ ಸ್ಕೇಲಿನಲ್ಲಿ ಅಗಲ ನೋಡಿ. 8 ಮಿ.ಮೀ. ಬಂದರೆ 0.40. ಹತ್ತು ಬಂದರೆ 0.50: ಆಗ ಪೊಟ್ಟಣದವರು ದಪ್ಪವನ್ನು ಕಡಿಮೆ ಬರೆದು ನೂಲು ಬಲದ್ದೆಂದು ತೋರಿಸಿದ್ದಾರೆ.

ಬಲಕ್ಕೆ ಬಕೆಟ್ಟು. ಒಂದೂವರೆ ಮೀಟರ್ ನೂಲು ಕತ್ತರಿಸಿ ಎರಡು ಗಂಟೆ ನೀರಲ್ಲಿ ನೆನೆಸಿ, ಏಕೆಂದರೆ ನೈಲಾನ್ ನೀರು ಕುಡಿದರೆ ಹತ್ತರಲ್ಲಿ ಒಂದು ಪಾಲಿನಷ್ಟು ಬಲ ಕಳೆದುಕೊಳ್ಳುತ್ತದೆ. ಒಂದು ತುದಿಯನ್ನು ಗಂಟು ಹಾಕದೆ ನುಣುಪಾದ ಪೈಪಿಗೆ ಏಳೆಂಟು ಸುತ್ತು ಸುತ್ತಿ ಅಂಚನ್ನು ಟೇಪಿನಿಂದ ಹಿಡಿಸಿ. ಇನ್ನೊಂದು ತುದಿಗೆ ನೀವು ಯಾವಾಗಲೂ ಹಾಕುವ ಗಂಟಿನಿಂದಲೇ ಸ್ವಿವೆಲ್ ಕಟ್ಟಿ, ಅದನ್ನು 20 ಲೀಟರ್ ಬಕೆಟ್ಟಿನ ಹಿಡಿಗೆ ಸಿಕ್ಕಿಸಿ. ಬಕೆಟ್ಟು ನೆಲದಿಂದ ನಾಲ್ಕು ಬೆರಳು ಮೇಲೆ ಇರಲಿ, ಕೆಳಗೊಂದು ಗೋಣಿ. ಕಣ್ಣಿಗೆ ಕನ್ನಡಕ ಇರಲಿ: ಹರಿದ ನೂಲು ಹಿಂದಕ್ಕೆ ಚಿಮ್ಮುತ್ತದೆ. ಖಾಲಿ ಬಕೆಟ್ಟಿನ ತೂಕ ಮೊದಲೇ ನೋಡಿಟ್ಟುಕೊಂಡು ಲೀಟರ್ ಲೀಟರಾಗಿ ನೀರು ಹೊಯ್ಯಿರಿ, ಒಂದು ಲೀಟರಿಗೆ ಒಂದು ಕೆ.ಜಿ. ಮೂರು ಸಲ ಮಾಡಿ. ಬರೆದದ್ದಕ್ಕಿಂತ ಬಹಳ ಕಡಿಮೆ ಭಾರಕ್ಕೇ ನೂಲು ನಡುವಿನಲ್ಲಿ ಹರಿದರೆ ಪೊಟ್ಟಣದ ಅಂಕೆ ಸುಳ್ಳು. ಗಂಟಿನಲ್ಲೇ ಹರಿದರೆ ತಪ್ಪು ಗಂಟಿನದ್ದು.

ಗಂಟಿನದ್ದೇ ಆಗಿರುವ ಸಂಭವ ಹೆಚ್ಚು. ಸಾದಾ ಗಂಟು ನೂಲಿನ ಬಲವನ್ನು ಅರ್ಧಕ್ಕೆ ಇಳಿಸಬಲ್ಲದು. ಸ್ವಿವೆಲಿನ ಕಣ್ಣಲ್ಲಿ ತೂರಿಸಿ, ಉದ್ದದ ನೂಲಿಗೆ ಐದಾರು ಸುತ್ತು ಹಾಕಿ, ಕಣ್ಣಿನ ಪಕ್ಕದ ಕುಣಿಕೆಯಲ್ಲಿ ತೂರಿಸಿ, ಮತ್ತೆ ದೊಡ್ಡ ಕುಣಿಕೆಯಲ್ಲೂ ತೂರಿಸುವ ಕ್ಲಿಂಚ್ ಗಂಟು ಹಾಕಿ. ಬಿಗಿಯುವ ಮೊದಲು ಎಂಜಲು ಹಚ್ಚಿ. ಒಣ ನೈಲಾನನ್ನು ಎಳೆದು ಬಿಗಿದರೆ ಉಜ್ಜಾಟದ ಬಿಸಿಗೇ ಸೊರಗುತ್ತದೆ.

ಇನ್ನು ಮೀನು. ನಾಲ್ಕು ಕೆ.ಜಿ. ಕಾಳಾಂಜಿ ಎಂದರೆ ನಾಲ್ಕು ಕೆ.ಜಿ. ಎಳೆತವಲ್ಲ, ಜಗ್ಗುವ ಹೊಡೆತ ಅದಕ್ಕಿಂತ ಎಷ್ಟೋ ಹೆಚ್ಚು. ಡ್ರ್ಯಾಗನ್ನು ನೂಲಿನ ನಿಜವಾದ ಬಲದ ಕಾಲು ಭಾಗಕ್ಕೆ ಇಡಿ. 10 ಕೆ.ಜಿ. ನೂಲಿಗೆ ಎರಡೂವರೆ, ಬ್ಯಾಗು ತೂಗುವ ತಕ್ಕಡಿಯಲ್ಲಿ ಸಿಕ್ಕಿಸಿ ಎಳೆದು ನೋಡಿದರೆ ತಿಳಿಯುತ್ತದೆ. ಸೇತುವೆಯ ಕಂಬಗಳಿಗೆ ಹಿಡಿದ ಮುರು ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ, ಕೊನೆಯ ಒಂದು ಮೀಟರಿಗೆ 0.60ರ ಲೀಡರ್ ಇಲ್ಲದೆ ಅಲ್ಲಿ ಗಾಳ ಹಾಕಬೇಡಿ. ಹರಿದ ತುದಿಯನ್ನು ಎಸೆದಿಲ್ಲವಾದರೆ ಬೆರಳಲ್ಲಿ ಸವರಿ: ತರಿತರಿ ಇದ್ದರೆ ಚಿಪ್ಪು ಕೊಯ್ದದ್ದು, ಗುಂಗುರಾಗಿ ಸುರುಳಿಗೊಂಡಿದ್ದರೆ ಗಂಟು ಜಾರಿದ್ದು.

ದೇಶದ ತಂಗೂಸಿನಲ್ಲಿ ಒಂದು ಭೇದ ಮಾತ್ರ ನೆನಪಿಡಿ. ಲಚ್ಚಿಯಾಗಿ ತೂಕಕ್ಕೆ ಮಾರುವುದು ಹೆಚ್ಚಾಗಿ ಬಲೆಗೆ, ಕೈಹುರಿಗೆ ಮಾಡಿದ್ದು. ಕೈಹುರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ರೀಲಿಗೆ ಸುತ್ತಿದರೆ ಬೀಸುವಾಗ ಸುರುಳಿ ಸುರುಳಿಯಾಗಿ ನೆಗೆದು ರಿಂಗಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ರೀಲಿಗೆಂದೇ ಸ್ಪೂಲಿನಲ್ಲಿ ಬರುವುದನ್ನು ಕೊಳ್ಳಿ.

ಪ್ರಶ್ನೆ: ಮಂಜೇಶ್ವರದಿಂದ. ಊರಿನ ಅಂಗಡಿಯ ಗಾಳ ಒಂದೇ ವಾರಕ್ಕೆ ತುಕ್ಕು ಹಿಡಿಯುತ್ತದೆ. ಸ್ಟೀಲಿನದ್ದೇ ಕೊಂಡರೆ ಹೇಗೆ?

ಉತ್ತರ: ತುಕ್ಕಿಗಿಂತ ದೊಡ್ಡ ದೋಷ ಹದದ್ದು. ಕಾರ್ಬನ್ ಉಕ್ಕಿನ ಗಾಳವನ್ನು ಕಾಯಿಸಿ ತಣಿಸುವಾಗ ಹದ ತಪ್ಪಿದರೆ ಒಂದೋ ಸೂಜಿಯಂತೆ ಪಟ್ಟನೆ ಮುರಿಯುತ್ತದೆ, ಇಲ್ಲವೇ ಬೇಲಿ ತಂತಿಯಂತೆ ಬಿಚ್ಚಿಕೊಳ್ಳುತ್ತದೆ. ಅಗ್ಗದ ಪೊಟ್ಟಣದಲ್ಲಿ ಎರಡೂ ಬಗೆ ಬೆರೆತಿರುತ್ತವೆ. ಗಾಳದ ಕಾಲನ್ನು ವೈಸಿನಲ್ಲಿ ಹಿಡಿದು, ಬಾಗನ್ನು ಪಕ್ಕಡಿನಿಂದ ಒಂದೆರಡು ಮಿ.ಮೀ. ಅಗಲಿಸಿ ಬಿಡಿ: ತಾನಾಗಿ ಹಿಂದಕ್ಕೆ ಬಂದರೆ ಹದ ಸರಿ. ತುದಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಭಾರ ಹಾಕದೆ ಜಾರಿಸಿ, ನಾಟಿಕೊಂಡರೆ ಚೂಪು, ಜಾರಿದರೆ ಮೊಂಡು. ಕಣ್ಣಿನ ಬಾಯಿ ಪೂರ್ತಿ ಕೂಡಿರದಿದ್ದರೆ ಆ ಸಂದಿಯೇ ನೂಲನ್ನು ಕೊಯ್ಯುತ್ತದೆ. 25ರ ಪೊಟ್ಟಣದಲ್ಲಿ ಐದು ತೆಗೆದು ಹೀಗೆ ನೋಡಿ, ಎರಡು ಸೋತರೆ ಅಂಗಡಿ ಬದಲಿಸಿ. ಇಡೀ ಸೆಟ್ಟಿನಲ್ಲಿ ಅತಿ ಕಡಿಮೆ ಬೆಲೆಯ ವಸ್ತು ಗಾಳ, ಮೀನು ನಿಲ್ಲುವುದೂ ಅದರಲ್ಲೇ. ಇಲ್ಲಿ ಜಿಪುಣತನ ಬೇಡ. ಜಪಾನಿನ ಓನರ್, ಗಮಾಕತ್ಸು, ನಾರ್ವೆಯ ಮಸ್ಟಡ್ ಹೆಸರಿನವು ಕಾಸಿಗೆ ಮೋಸವಿಲ್ಲ. ಆದರೆ ಬಿಡಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ‘ಮಸ್ಟಡ್’ ಅಂತ ಕೊಟ್ಟರೆ ನಂಬಬೇಡಿ, ಮುಚ್ಚಿದ ಪೊಟ್ಟಣವೇ ಬೇಕು.

ಸ್ಟೇನ್‌ಲೆಸ್ ತುಕ್ಕು ತಡೆಯುತ್ತದೆ, ಆದರೆ ಸಾಮಾನ್ಯವಾಗಿ ಮೆದು. ನೂಲು ಹರಿದು ಗಾಳ ಮೀನಿನ ಬಾಯಲ್ಲೇ ಉಳಿದರೆ ಬೇಗ ಕರಗುವುದೂ ಇಲ್ಲ. ತವರ ಲೇಪಿಸಿದ ಉಕ್ಕು ಸಾಕು. ಉಪ್ಪುನೀರು ಕಂಡ ಗಾಳವನ್ನು ಒದ್ದೆಯಾಗಿ ಡಬ್ಬಿಗೆ ಹಾಕಬೇಡಿ, ಒಂದರಿಂದ ಡಬ್ಬಿಯೆಲ್ಲ ಕೆಂಪಾಗುತ್ತದೆ.

ಪ್ರಶ್ನೆ: ಉಪ್ಪಳದಿಂದ. ಈಯದ ಗುಂಡು ಮನೆಯಲ್ಲೇ ಎರೆಯಬಹುದೇ? ಕಲ್ಲಿನ ಸಂದಿಯಲ್ಲಿ ದಿನಕ್ಕೆ ನಾಲ್ಕೈದು ಹೋಗುತ್ತವೆ.

ಉತ್ತರ: ಎರೆಯಬಹುದು, ಎರೆಯದಿದ್ದರೆ ಇನ್ನೂ ಒಳ್ಳೆಯದು. ಸೀಸ 327 ಡಿಗ್ರಿಗೆ ಕರಗುತ್ತದೆ. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಆವಿಯಾಗಿ ಸಿಡಿದು ಮುಖಕ್ಕೆ ಬರುತ್ತದೆ, ಮಳೆಗಾಲದಲ್ಲಂತೂ ಒಣಗಿದಂತೆ ಕಂಡ ಅಚ್ಚೂ ಒಣಗಿರುವುದಿಲ್ಲ. ಅಡುಗೆಮನೆಯಲ್ಲಿ, ಅಡುಗೆಯ ಪಾತ್ರೆಯಲ್ಲಿ ಖಂಡಿತ ಬೇಡ. ಹಳೆ ಬ್ಯಾಟರಿಯ ಸೀಸವನ್ನು ಮುಟ್ಟಲೇಬೇಡಿ. ಚಿಕ್ಕ ಈಯವನ್ನು ಹಲ್ಲಿನಿಂದ ಕಚ್ಚಿ ನೂಲಿಗೆ ಬಿಗಿಯುವ ರೂಢಿಯನ್ನೂ ಬಿಡಿ.

ಕಲ್ಲಿರುವ ಕಡೆ ಈಯವನ್ನು ಮುಖ್ಯ ನೂಲಿಗಿಂತ ತೆಳ್ಳಗಿನ, 0.25ರ ಒಂದು ಗೇಣು ನೂಲಿನಲ್ಲಿ ಇಳಿಬಿಡಿ. ಸಿಕ್ಕಿಕೊಂಡಾಗ ಅದೊಂದೇ ಹರಿಯುತ್ತದೆ, ಗಾಳ ಉಳಿಯುತ್ತದೆ. ಈಯದ ಬದಲು ಗುಜರಿಯ ಕಬ್ಬಿಣದ ನಟ್ಟು ಕಟ್ಟಿದರೂ ನಡೆಯುತ್ತದೆ. ಅದಕ್ಕಿಂತ ಸ್ವದೇಶಿ ಯಾವುದಿದೆ?

ಪ್ರಶ್ನೆ: ಬದಿಯಡ್ಕದಿಂದ. ಕಾರ್ಬನ್ ರಾಡು ಕೊಂಡಿದ್ದೇನೆ. ಹಳ್ಳದ ದಂಡೆಯ ಮೇಲೆ ಕರೆಂಟಿನ ತಂತಿ ಹಾದುಹೋಗುತ್ತದೆ. ಅಪಾಯವಿದೆಯೇ?

ಉತ್ತರ: ಇದೆ. ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ಹೈಟೆನ್ಶನ್ ತಂತಿಯಾದರೆ ತಗಲಬೇಕೆಂದೇ ಇಲ್ಲ, ತೀರ ಹತ್ತಿರ ಹೋದರೂ ಹಾರುತ್ತದೆ. ಒದ್ದೆಯಾದ ಗಾಜಿನ ನಾರಿನ ರಾಡನ್ನೂ ನಂಬಬೇಡಿ. ತಂತಿಯ ಕೆಳಗೂ ಅದರ ಎರಡೂ ಬದಿಯ ಮೂವತ್ತು ಮೀಟರಿನೊಳಗೂ ಬೀಸಬೇಡಿ. ಆ ಜಾಗ ದಾಟುವಾಗ ರಾಡನ್ನು ಬಿಚ್ಚಿ ಎರಡು ತುಂಡು ಮಾಡಿ, ನೆಲಕ್ಕೆ ಸಮವಾಗಿ ಹಿಡಿದು ನಡೆಯಿರಿ. ಗುಡುಗು ಕೇಳಿದ ಕೂಡಲೇ ರಾಡು ಕೆಳಗಿಟ್ಟು ಗಟ್ಟಿ ಕಟ್ಟಡದ ಒಳಗೆ ಹೋಗಿ.