ಧಾರವಾಡದಲ್ಲಿ ಭ್ರೂಣದ ಬೆಳವಣಿಗೆ ಬಗ್ಗೆ ಸಂಶೋಧನೆ ಮಾಡುವವರು ನಿಜವಾಗಿ ಏನನ್ನು ಹುಡುಕುತ್ತಾರೆ?

ನಾನಿಲ್ಲಿ ಪ್ರಾಣಿಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ನನ್ನ ಆಸಕ್ತಿಯನ್ನೇ ಹೇಳುತ್ತೇನೆ.

ನನ್ನನ್ನು ಹಿಡಿದಿಟ್ಟಿರುವುದು ಬೆನ್ನೆಲುಬು. ಕೋಳಿ ಭ್ರೂಣದಲ್ಲಿ, ಮುಂದೆ ಮಿದುಳು ಮತ್ತು ಬೆನ್ನುಹುರಿ ಆಗುವ ನರಕೊಳವೆಯ ಎರಡೂ ಬದಿಗೆ ಸೋಮೈಟ್ ಎಂಬ ಪುಟ್ಟ ಗಂಟುಗಳು ಮೂಡುತ್ತವೆ, ಸುಮಾರು 90 ನಿಮಿಷಕ್ಕೆ ಒಂದು ಜೋಡಿ. ಮುಂದೆ ಇವೇ ಬೆನ್ನುಮಣಿ, ಪಕ್ಕೆಲುಬು, ಬೆನ್ನಿನ ಸ್ನಾಯು ಆಗುತ್ತವೆ. ಝೀಬ್ರಾ ಮೀನಿನಲ್ಲಿ ಒಂದು ಜೋಡಿಗೆ ಅರ್ಧ ಗಂಟೆ ಸಾಕು. ಇಲಿಗೆ ಎರಡು ಗಂಟೆ, ಮನುಷ್ಯರಿಗೆ ಸುಮಾರು ಐದು ಗಂಟೆ ಬೇಕು. ಈ ಲೆಕ್ಕ ಇಡುವುದು ಯಾರು? 1997ರಲ್ಲಿ ಕೋಳಿ ಭ್ರೂಣದಲ್ಲೇ ಎಳೆ ಸಿಕ್ಕಿತು. ಅಲ್ಲಿನ ಒಂದು ಜೀನ್ ಅದೇ 90 ನಿಮಿಷದ ಲಯದಲ್ಲಿ ಆನ್-ಆಫ್ ಆಗುತ್ತದೆ. ಅದೇ ಬಗೆಯ ಗಡಿಯಾರ ಒಂದೊಂದು ಪ್ರಾಣಿಯಲ್ಲಿ ಒಂದೊಂದು ವೇಗದಲ್ಲಿ ಓಡುವುದು ಹೇಗೆ? ನನಗೆ ತಿಳಿಯಬೇಕಿರುವುದು ಇದೇ. ಪ್ರೋಟೀನು ಬೇಗ ಒಡೆಯುತ್ತದೋ ನಿಧಾನವೋ ಎಂಬುದು ಒಂದು ಕಾರಣ.

ಇದು ಸುಮ್ನೆ ಕುತೂಹಲವಲ್ಲ. ಈ ಲಯ ನಡೆಸುವ ಜೀನ್‌ಗಳಲ್ಲಿ ದೋಷವಿದ್ದರೆ ಮಗುವಿನ ಬೆನ್ನೆಲುಬು ಹುಟ್ಟುವಾಗಲೇ ಸೊಟ್ಟ ಇರಬಹುದು.

ಸೋಮೈಟ್ ಎಣಿಸಲು ದೊಡ್ಡ ಲ್ಯಾಬ್ ಬೇಕಿಲ್ಲ. 38 ಡಿಗ್ರಿಯ ಇನ್‌ಕ್ಯುಬೇಟರ್, ಸೂಕ್ಷ್ಮದರ್ಶಕ, ಎರಡು ದಿನ ಸಾಕು. ತತ್ತಿ ಮಾತ್ರ ಹ್ಯಾಚರಿಯಿಂದಲೇ ತನ್ನಿ. ಅಂಗಡಿಯ ಫಾರಂ ತತ್ತಿಯಲ್ಲಿ ಭ್ರೂಣ ಇರುವುದಿಲ್ಲ.